ಧೂಳು ಉಳಿಯಬೇಕು: ಖೋ-ಖೋ ಚಿತ್ರಗಳ ತಿದ್ದುಪಡಿ, ಆರನೆಯ ವಾರ

ನಾನು ತೆಗೆದ ಖೋ-ಖೋ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಿದ್ದಲು ಕಲಿಯುತ್ತಿದ್ದೇನೆ, ಇದು ಆರನೆಯ ವಾರ. ಮೊದಲ ಮೂರು ವಾರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿತ್ರ ತಿದ್ದುವ ಡಾರ್ಕ್‌ಟೇಬಲ್ ಎಂಬ ಉಚಿತ ತಂತ್ರಾಂಶವನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಓರೆಯಾದ ಚಿತ್ರವನ್ನು ನೇರ ಮಾಡಲು, ಬೇಡದ ಅಂಚನ್ನು ಕತ್ತರಿಸಲು ಕಲಿತೆ. ಖೋ-ಖೋ ಅಂಕಣದ ಕಂಬ ಇದಕ್ಕೆ ಒಳ್ಳೆಯ ತೂಗುಗುಂಡು. ಅದು ನೆಟ್ಟಗೆ ನಿಂತರೆ ಚಿತ್ರವೂ ನಿಂತಿತು.

ನಾಲ್ಕನೆಯ ವಾರ ರಾ ಫೈಲುಗಳಿಗೆ, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಚಿತ್ರಗಳಿಗೆ, ಬದಲಾದೆ. ಚಿತ್ರದುರ್ಗದ ನಮ್ಮ ಬಡಾವಣೆಯ ಮೈದಾನದಲ್ಲಿ ಮಕ್ಕಳ ಅಭ್ಯಾಸ ಶುರುವಾಗುವುದೇ ಸಂಜೆ ಐದರ ಮೇಲೆ. ಸೂರ್ಯ ಕೋಟೆಯ ಬೆಟ್ಟದ ಕಡೆಗೆ ಇಳಿಯುತ್ತಿರುತ್ತಾನೆ, ನನ್ನತ್ತ ಓಡಿ ಬರುವವರ ಮುಖವೆಲ್ಲ ನೆರಳು. ಕ್ಯಾಮೆರಾ ತಾನೇ ಸಂಸ್ಕರಿಸಿ ಕುಗ್ಗಿಸಿ ಕೊಡುವ ಜೆಪೆಗ್ ಚಿತ್ರದಲ್ಲಿ ಆ ನೆರಳನ್ನು ಬೆಳಗಿಸಿದರೆ ಕೆನ್ನೆಯ ಮೇಲೆ ತೇಪೆ ಹಾಕಿದಂತೆ ಕಲೆಗಳೇಳುತ್ತಿದ್ದವು. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಹೊಳಪಿನ 256 ಮೆಟ್ಟಿಲು, 14 ಬಿಟ್ ರಾ ಫೈಲಿನಲ್ಲಿ 16,384. ಈ ವ್ಯತ್ಯಾಸವನ್ನು ಓದಿ ತಿಳಿದಿದ್ದೆ. ಅಂದು ಒಬ್ಬ ಹುಡುಗಿಯ ಹುಬ್ಬಿನ ಬೆವರು ಕತ್ತಲೆಯಿಂದ ಮೇಲೆದ್ದು ಬಂದಾಗ ಕಣ್ಣಾರೆ ಕಂಡೆ.

ಐದನೆಯ ವಾರ ಬಣ್ಣದ ಜೊತೆ ಗುದ್ದಾಟ. ಚೌಕಟ್ಟಿನ ತುಂಬ ಕೆಮ್ಮಣ್ಣು ಇದ್ದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವ ಕ್ಯಾಮೆರಾದ ಸ್ವಯಂಚಾಲಿತ ವೈಟ್ ಬ್ಯಾಲೆನ್ಸ್ ಆ ಕೆಂಪನ್ನು ದೋಷವೆಂದು ತಿಳಿದು ನೀಲಿ ಬೆರೆಸುತ್ತದೆ. ಮಣ್ಣು ಬೂದಿಯಾಗುತ್ತದೆ, ಮಕ್ಕಳು ಚಳಿಯಲ್ಲಿ ನಿಂತವರಂತೆ ಕಾಣುತ್ತಾರೆ. ಅಂಕಣದ ಸುಣ್ಣದ ಗೆರೆಯನ್ನೇ ಬಿಳಿಯೆಂದು ತೋರಿಸಿ ಸರಿಪಡಿಸಲು ಹೋದೆ, ಇನ್ನಷ್ಟು ಕೆಟ್ಟಿತು. ಕಾರಣ ಆಮೇಲೆ ಹೊಳೆಯಿತು: ನಡುವಿನ ಗೆರೆ ಕಾಲ್ತುಳಿತಕ್ಕೆ ಸಿಕ್ಕಿ ಮಣ್ಣು ಬೆರೆತು ನಸುಗೆಂಪಾಗಿತ್ತು. ಯಾರೂ ತುಳಿಯದ ಮೂಲೆಯ ಗೆರೆಯನ್ನು ಆರಿಸಿದೆ, ಮೈಬಣ್ಣ ಮರಳಿ ಬಂತು.

ಈ ವಾರದ್ದು ಧೂಳಿನ ಕಥೆ. ಅಕ್ಕನ ಮಗಳು ಕಂಬದ ಬಳಿ ಮೈಚಾಚಿ ಹಾರಿ ಎದುರಾಳಿಯ ಬೆನ್ನು ಮುಟ್ಟಿದ ಕ್ಷಣ, 1/1000 ಸೆಕೆಂಡಿನಲ್ಲಿ ಹಿಡಿದದ್ದು. ಮಂಜು ತೆಗೆಯುವ ಸ್ಲೈಡರನ್ನು ಪೂರ್ತಿ ಎಳೆದೆ. ಎಲ್ಲವೂ ಸ್ಪಷ್ಟವಾಯಿತು, ನನಗೆ ಹಿಗ್ಗೋ ಹಿಗ್ಗು. ಅವಳು ನೋಡಿ, "ಮಾಮ, ಧೂಳೆಲ್ಲಿ ಹೋಯಿತು? ನಾನು ನೆಲಕ್ಕೆ ಬಿದ್ದೇ ಇಲ್ಲ ಅನ್ನಿಸುತ್ತದೆ" ಎಂದಳು.

ಅವಳ ಮಾತು ಸರಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆದು ಭಾರತದ ಪುರುಷರ, ಮಹಿಳೆಯರ ಎರಡೂ ತಂಡಗಳು ಗೆದ್ದವಲ್ಲ, ಅದು ಒಳಾಂಗಣದಲ್ಲಿ ಮ್ಯಾಟಿನ ಮೇಲಿನ ಆಟ. ಅಲ್ಲಿನ ಚಿತ್ರಗಳ ನುಣುಪನ್ನೇ ಮಾದರಿ ಎಂದುಕೊಂಡಿದ್ದೆ. ನಮ್ಮ ಮೈದಾನದಲ್ಲಿ ಓಟದ ರಭಸ ಕಾಣುವುದೇ ಎದ್ದ ಧೂಳಿನಲ್ಲಿ. ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರು ಮಾಡಿದೆ. ಮುಖ ಮತ್ತು ಚಾಚಿದ ಕೈಗೆ ಮಾತ್ರ ಮಾಸ್ಕ್ ಬರೆದು, ಅಂದರೆ ಅಷ್ಟು ಭಾಗವನ್ನೇ ಗುರುತು ಹಾಕಿಕೊಂಡು, ಕಾಂಟ್ರಾಸ್ಟ್ (ಬೆಳಕು-ನೆರಳಿನ ಅಂತರ) ಹೆಚ್ಚಿಸಿದೆ. ನಾಯ್ಸ್, ಅಂದರೆ ಚಿತ್ರದಲ್ಲಿ ಕಾಣುವ ಬೇಡದ ಚುಕ್ಕೆಗಳನ್ನು, ತೆಗೆಯುವಾಗ ಬಣ್ಣದ ಚುಕ್ಕೆಗಳನ್ನಷ್ಟೇ ತೆಗೆದೆ. ಪೂರ್ತಿ ನಯ ಮಾಡಿದರೆ ಧೂಳು ಹತ್ತಿಯಂತಾಗುತ್ತದೆ. ಈಗ ಹಿಂಬೆಳಕಿಗೆ ಅವಳ ಮೊಣಕಾಲಿನ ಸುತ್ತ ಧೂಳು ಹೊನ್ನಿನಂತೆ ಹೊಳೆಯುತ್ತಿದೆ.

ಹಿಂದೆ ಒಂದು ಬೈಕ್ ನಿಂತಿದೆ. ಅಳಿಸುವ ಸಾಧನ ಕೈಯಲ್ಲೇ ಇತ್ತು, ಬಳಸಲಿಲ್ಲ. ಆಟದ ಚಿತ್ರದಲ್ಲಿ ಅಂದು ಇದ್ದದ್ದು ಇರಬೇಕು. ಅದರ ಹೊಳಪನ್ನಷ್ಟೇ ತಗ್ಗಿಸಿದೆ.

6000×4000 ಪಿಕ್ಸೆಲ್‌ಗಳ (ಬಣ್ಣದ ಚುಕ್ಕೆಗಳ) ಚಿತ್ರವನ್ನು ಕತ್ತರಿಸಿ 3000×2000ಕ್ಕೆ ಇಳಿಸಿದರೂ, ಇಂಚಿಗೆ 300 ಚುಕ್ಕೆಯಂತೆ ಹತ್ತು ಇಂಚು ಅಗಲಕ್ಕೆ ಸಾಕು. ಮುದ್ರಣಕ್ಕೆ ಕೊಟ್ಟು ಬಂದಿದ್ದೇನೆ. ಭಾನುವಾರ ಬೆಳಗಿನ ಅಭ್ಯಾಸವಿದೆ. ಬೆಳಕು ಆಚೆ ಕಡೆಯಿಂದ ಬರುವುದರಿಂದ ಈ ಬಾರಿ ನಾನು ಇನ್ನೊಂದು ಕಂಬದ ಹತ್ತಿರ ಕೂರಬೇಕು.