ಗೋಡೆ ಕಟ್ಟಿದವರ ಲೆಕ್ಕ ಓದುತ್ತ ಅರ್ಧ ದಿನ

ಗ್ಲಾಸ್ಗೋ ಸಬ್‌ವೇಯಲ್ಲಿ ಹಿಲ್‌ಹೆಡ್‌ಗೆ ಇಳಿದು ಹತ್ತು ನಿಮಿಷ ನಡೆದರೆ ವಿಶ್ವವಿದ್ಯಾಲಯದ ಹಂಟೇರಿಯನ್ ಮ್ಯೂಸಿಯಂ. ಕಾಯಂ ಪ್ರದರ್ಶನಕ್ಕೆ ಟಿಕೆಟ್ ಇಲ್ಲ. ಒಳಹೊಕ್ಕ ಕೂಡಲೇ ಸಿಗುವುದೇ ಆಂಟೊನೈನ್ ಗೋಡೆಯ ಕೊಠಡಿ. ಅವಸರದಲ್ಲಿ ದಾಟಿಹೋಗುವಂಥದ್ದಲ್ಲ ಅದು, ಎರಡು ಗಂಟೆಯಾದರೂ ಬೇಕು.

ಕ್ರಿ.ಶ. 142ರ ಸುಮಾರಿಗೆ ಮೂರು ರೋಮನ್ ಲೀಜನ್‌ಗಳು (ದೊಡ್ಡ ಸೇನಾಪಡೆಗಳು) ಸ್ಕಾಟ್ಲೆಂಡಿನ ನಡುವಿಗೆ ಅಡ್ಡಲಾಗಿ ಸುಮಾರು 60 ಕಿ.ಮೀ. ಗೋಡೆ ಎಬ್ಬಿಸಿದವು. ತಳಪಾಯ ಕಲ್ಲಿನದು, ಮೇಲಿನದು ಹುಲ್ಲುಹೆಂಟೆ. ತಮ್ಮ ಪಾಲಿನ ಕೆಲಸ ಮುಗಿದಲ್ಲಿ ಎಷ್ಟು ಉದ್ದ ಕಟ್ಟಿದೆವೆಂದು ಕೆತ್ತಿದ ಕಲ್ಲಿನ ಫಲಕ ನಿಲ್ಲಿಸಿದರು. ಸಿಕ್ಕ ಫಲಕಗಳಲ್ಲಿ ಹೆಚ್ಚಿನವು ಇಲ್ಲಿವೆ.

ಸಮರ್‌ಸ್ಟನ್ ಫಲಕದಿಂದ ಶುರುಮಾಡುವುದು ಒಳ್ಳೆಯದು. ನೇರ ಎದುರು ನಿಂತರೆ ಅಕ್ಷರ ಮಂಕು. ಒಂದು ಪಕ್ಕಕ್ಕೆ ಸರಿದು ಓರೆಯಿಂದ ನೋಡಿದರೆ ಗೀರುಗಳ ನೆರಳು ಏಳುತ್ತದೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೊ ಆ ನೆರಳನ್ನೇ ಅಳಿಸಿಬಿಡುತ್ತದೆ. ಲ್ಯಾಟಿನ್ ಬರಹದಲ್ಲಿ ಮೊದಲು ಚಕ್ರವರ್ತಿಯ ಹೆಸರು, ಆಮೇಲೆ ಲೀಜನ್, ಕೊನೆಗೆ ಅಳತೆ. ಚಕ್ರವರ್ತಿಯ ಹೆಸರಿನ ಬೆನ್ನಿಗಿರುವ ಎರಡು ‘ಪಿ’ ಎಂದರೆ ‘ದೇಶದ ಪಿತ’. ಕೊನೆಯ ಸಾಲಿನ ‘ಎಂ ಪಿ’ಯಲ್ಲಿರುವ ‘ಪಿ’ ಮಾತ್ರ ಪಾಸಸ್, ಅಂದರೆ ಐದು ರೋಮನ್ ಅಡಿಯ ಜೋಡಿಹೆಜ್ಜೆ. ಮೂರು ಸಾವಿರಕ್ಕೆ ಮೂರು ಗೀರು, 500ಕ್ಕೆ ‘ಡಿ’, 100ಕ್ಕೆ ‘ಸಿ’, 50ಕ್ಕೆ ‘ಎಲ್’, ಹೀಗೆ ಕೂಡುತ್ತ ಹೋದರೆ 3666. ತುದಿಯ ‘ಎಸ್’ ಅರ್ಧ. ಒಂದು ಪಾಸಸ್‌ಗೆ 1.48 ಮೀಟರ್ ಹಿಡಿದರೆ ಸುಮಾರು 5.4 ಕಿ.ಮೀ. ಅರ್ಧ ಹೆಜ್ಜೆಯನ್ನೂ ಬಿಡದೆ ಬರೆಸಿದ ಆ ಲೆಕ್ಕದ ಮುಂದೆ ಎಷ್ಟು ಹೊತ್ತು ನಿಂತರೂ ಸಾಲದು.

ಎಡವುವುದು ಪಶ್ಚಿಮ ತುದಿಯ ಫಲಕಗಳಲ್ಲಿ. ಕೊನೆಯ ನಾಲ್ಕು ಮೈಲಿಯ ಅಳತೆ ಹೆಜ್ಜೆಯಲ್ಲಲ್ಲ, ಅಡಿಯಲ್ಲಿದೆ. ಇಲ್ಲೂ ‘ಪಿ’ಯೇ ಇರುವುದರಿಂದ ಪಾಸಸ್ ಎಂದು ಓದಿದರೆ ಉದ್ದ ಐದು ಪಟ್ಟು ಉಬ್ಬುತ್ತದೆ.

ಇಂದು ಬೂದುಬಣ್ಣಕ್ಕೆ ಕಾಣುವ ಈ ಕಲ್ಲುಗಳಿಗೆ ಆಗ ಬಣ್ಣವಿತ್ತು. ಗ್ಲಾಸ್ಗೋದ ಪುರಾತತ್ವಜ್ಞೆ ಲೂಯಿಸಾ ಕ್ಯಾಂಬೆಲ್ ಎಕ್ಸ್‌ರೇ ಮತ್ತು ಲೇಸರ್ ಉಪಕರಣಗಳಿಂದ ಕೆಂಪು, ಹಳದಿಯ ಕಣಗಳನ್ನು ಪತ್ತೆಹಚ್ಚಿದರು. ಫಲಕದಲ್ಲಿ ಕುದುರೆ ಸವಾರನ ಕೆಳಗೆ ಕೆತ್ತಿರುವ ಸೆರೆಯಾಳುಗಳ ಮೈಮೇಲಿನ ರಕ್ತವೂ ಕೆಂಪಾಗಿಯೇ ಇತ್ತು. ಅದನ್ನು ತಿಳಿದು ನೋಡಿದಾಗ ಕುದುರೆಯ ಕಾಲಡಿಯ ಆ ಮನುಷ್ಯರು ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ.

ಬಾರ್ ಹಿಲ್ ಕೋಟೆಯ ಚರ್ಮದ ಪಾದರಕ್ಷೆಗಳನ್ನು ಬಿಡಬಾರದು. ನೀರು ನಿಂತ ಕೆಸರಿನಲ್ಲಿ ಆಮ್ಲಜನಕವಿಲ್ಲದೆ ಕೊಳೆಸುವ ಜೀವಿಗಳು ಬದುಕಲಿಲ್ಲ, ಅದಕ್ಕೇ ಚರ್ಮ ಉಳಿಯಿತು. ಅವುಗಳಲ್ಲಿ ಹೆಂಗಸರ, ಮಕ್ಕಳ ಅಳತೆಯವೂ ಇವೆ.

ಇಷ್ಟು ಅಭ್ಯಾಸವಾದ ಮೇಲೆ ಸಾಲ್ಮನೆಸನ ಗೋರಿಗಲ್ಲಿಗೆ ಮ್ಯೂಸಿಯಂನ ವಿವರಣೆ ಚೀಟಿ ನೋಡದೆ ಹೋಗಬೇಕು. ಶುರುವಿನ ‘ಡಿ ಎಂ’ ಸತ್ತವರ ದೇವತೆಗಳಿಗೆ. ನಂತರ ಹೆಸರು. ಬದುಕಿದ ವರ್ಷ: ಒಂದು ‘ಎಕ್ಸ್’, ಒಂದು ‘ವಿ’. ಅದರ ಕೆಳಗೆ ಕಲ್ಲು ನಿಲ್ಲಿಸಿದವನ ಹೆಸರು, ಅದೂ ಸಾಲ್ಮನೆಸ್.