ಮಾರ್ಚಿಗೆ ಲೋಫೋಟನ್, ಅಪ್ಪನ ಜೊತೆ

ಜನವರಿ 18, 2026, ಭಾನುವಾರ
ಟ್ರೋಂಡ್‌ಹೈಮ್

ಅಪ್ಪನ ವೀಸಾ ಬಂದಿದೆ. ಮಾರ್ಚ್ ಮೂರನೇ ವಾರ ಇಲ್ಲಿರುತ್ತಾರೆ. ಇನ್ನು ಉತ್ತರ ನಾರ್ವೆಯ ಲೋಫೋಟನ್ ದ್ವೀಪಗಳಿಗೆ ಹೋಗುವುದು ಬರೀ ಮಾತಲ್ಲ.

ಬೆಳಿಗ್ಗೆಯಿಂದ ರೈಲು, ಹಡಗು, ರೂಮು ಅಂತ ಕೂತಿದ್ದೆ. ಇಲ್ಲಿಂದ ಬೋಡೋಗೆ ರೈಲು, 729 ಕಿಲೋಮೀಟರ್. ದಾರಿಯಲ್ಲಿ ಆರ್ಕ್ಟಿಕ್ ವೃತ್ತ ದಾಟುತ್ತದೆ. ಬೋಡೋದಿಂದ ಲೋಫೋಟನ್‌ನ ಸ್ವೋಲ್ವಾರ್‌ಗೆ ಕರಾವಳಿ ಹಡಗು, ಸುಮಾರು ಆರು ತಾಸು. ವಿಮಾನದಲ್ಲಿ ಹೋದರೆ ಬೇಗ ಮುಟ್ಟಬಹುದು. ಆದರೆ ಅಪ್ಪನನ್ನು ನಡುವಿನ ವೆಸ್ಟ್‌ಫ್ಯೋರ್ಡ್ ಕಡಲು ದಾಟಿಸುವುದು ನೀರಿನ ಮೇಲೆಯೇ ಆಗಬೇಕು. ಅದರಲ್ಲಿ ನನಗೆ ಎರಡು ಯೋಚನೆ ಇಲ್ಲ.

ಮಾರ್ಚೇ ಯಾಕೆ ಅಂತ ಆಯಿ ಕೇಳುತ್ತಾಳೆ. ಮೇ ತಿಂಗಳಲ್ಲಿ ಬೆಚ್ಚಗಿರುತ್ತದಲ್ಲ, ಆಗ ಬರಬಾರದಾ ಅಂತ. ಮೇ ಹೊತ್ತಿಗೆ ಮೀನು ಹೋಗಿರುತ್ತದೆ ಆಯಿ. ಸ್ಕ್ರೈ ಅಂದರೆ ದೊಡ್ಡ ಕಾಡ್ ಮೀನು. ಬ್ಯಾರೆಂಟ್ಸ್ ಸಮುದ್ರದಿಂದ ಮೊಟ್ಟೆ ಇಡಲು ಲೋಫೋಟನ್‌ಗೆ ಬರುತ್ತದೆ, ಜನವರಿಯಿಂದ ಏಪ್ರಿಲ್‌ವರೆಗೆ. ಜನವರಿಯಲ್ಲಿ ಬೆಳಕಿಲ್ಲ. ಇಲ್ಲೇ ಮೂರೂವರೆಗೆಲ್ಲ ಸೂರ್ಯ ಮುಳುಗಿದ. ಮಾರ್ಚ್ ಮೂರನೇ ವಾರದಲ್ಲಾದರೆ ಹಗಲು ರಾತ್ರಿ ಸುಮಾರು ಸಮ. ಮೀನೂ ಇರುತ್ತದೆ, ಅಪ್ಪನ ಕಣ್ಣಿಗೆ ದಂಡೆಯೂ ಕಾಣುತ್ತದೆ.

ಇಷ್ಟೆಲ್ಲ ಹೊಂದಿಸಿಕೊಂಡು ಸಂಜೆ ಫೋನ್ ಮಾಡಿದೆ. ಅಲ್ಲಿ ಊಟ ಮುಗಿದಿತ್ತು. ಅಪ್ಪ ಜಗಲಿಯಲ್ಲಿದ್ದರು.

ರೈಲಿನ ಸುದ್ದಿ ಕೇಳಲಿಲ್ಲ. ಚಳಿ ಎಷ್ಟು ಅಂತಲೂ ಕೇಳಲಿಲ್ಲ.

"ಅಲ್ಲಿ ಅಳಿವೆ ಉಂಟಾ ತಮಾ?"

ಇಲ್ಲ ಅಪ್ಪ, ನಮ್ಮಲ್ಲಿ ಇರುವ ಹಾಗೆ ಹೂಳು ತುಂಬಿದ ಅಳಿವೆ ಇಲ್ಲ. ಬಂಡೆಯ ಬುಡದಿಂದಲೇ ಆಳ ಶುರು ಅಂದೆ.

"ಹಂಗಾದ್ರೆ ಬೋಟು ಮಗುಚೂದು ಎಲ್ಲಿ?"

ಅವರು ಕೇಳಿದ್ದು ಹಾಗೆಯೇ. ಸಾಯುವುದು ಎಲ್ಲಿ ಅಂತ. ನಮ್ಮ ಕಡೆ ಬೋಟು ಮಗುಚುವುದು ಜಾಸ್ತಿ ಅಳಿವೆಯ ಬಾಯಲ್ಲಿ, ಮನೆ ಕಾಣುವಷ್ಟು ಹತ್ತಿರದಲ್ಲಿ. ಹೊಸ ನೀರಿನ ಬಗ್ಗೆ ಬೋಟು ನಡೆಸುವ ತಾಂಡೇಲ ಮೊದಲು ತಿಳಿದುಕೊಳ್ಳುವುದು ಮೀನಿನ ಜಾಗ ಅಲ್ಲ, ಕೆಟ್ಟ ಜಾಗ. ನಾನು ಮ್ಯಾಪ್ ತೆಗೆದು ಹೇಳುತ್ತಾ ಹೋದೆ. ಲೋಫೋಟನ್‌ನ ದಕ್ಷಿಣದ ತುದಿಯಲ್ಲಿ, ಮೊಸ್ಕೆನೆಸೋಯ ಮತ್ತು ವಾರೋಯ್ ದ್ವೀಪಗಳ ನಡುವೆ ಮೊಸ್ಕ್‌ಸ್ಟ್ರೌಮೆನ್ ಅನ್ನುವ ಸೆಳೆತ ಇದೆ. ಭರತ ಇಳಿತದ ನೀರು ಅಲ್ಲಿ ಸುಳಿಯಾಗಿ ತಿರುಗುತ್ತದೆ. ನಾವು ಹೋಗುವ ಸ್ವೋಲ್ವಾರ್ ಅದರಿಂದ ಬಹಳ ದೂರ. ಅಲ್ಲಿ ಬೆಟ್ಟಗಳು ವಾಯವ್ಯದ ಗಾಳಿಯನ್ನು ತಡೆಯುತ್ತವೆ.

"ಯಾವ ಬದಿ ಬಾಯಿ ತೆರೆದದೆ?"

ವೆಸ್ಟ್‌ಫ್ಯೋರ್ಡಿನ ಬಾಯಿ ನೈಋತ್ಯಕ್ಕೆ ಅಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮ ಮಳೆಗಾಲದ ಗಾಳಿ ಬರೂ ಬದಿಯೇ. ಆ ಬದಿಯಿಂದ ಗಾಳಿ ಎದ್ರೆ ಹೋಗೂದು ಬೇಡ. ದುಡ್ಡು ಕೊಟ್ಟಿದ್ರೂ ಬೇಡ."

ನಾನು ಬರೆದಿಟ್ಟುಕೊಂಡೆ. ಒಂದೇ ದಿನಕ್ಕೆ ದೋಣಿ ಗೊತ್ತು ಮಾಡುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ. ವಾರವಿಡೀ ಅಲ್ಲೇ ಇರಬೇಕು, ಗಾಳಿ ನಿಂತ ದಿನ ಹೋಗಬೇಕು. ಉಳಿದ ದಿನ ಹತ್ತಿರದ ಮೀನುಗಾರರ ಊರು ಹೆನಿಂಗ್ಸ್‌ವಾರ್ ನೋಡಬಹುದು. ಮರದ ಚೌಕಟ್ಟಿನ ಮೇಲೆ ಜೋಡಿ ಜೋಡಿ ಕಾಡ್ ನೇತು ಹಾಕಿರುತ್ತಾರೆ. ಉಪ್ಪು ಹಾಕುವುದಿಲ್ಲ, ಬರೀ ಚಳಿಗಾಳಿಯಲ್ಲಿ ಒಣಗುವ ಮೀನು. ಜಾಸ್ತಿ ಚಳಿಯಾದರೆ ಹೆಪ್ಪುಗಟ್ಟಿ ಮಾಂಸ ಹಾಳಾಗುತ್ತದೆ, ಬೆಚ್ಚಗಾದರೆ ನೊಣ. ಫೆಬ್ರವರಿಯಿಂದ ಮೇವರೆಗಿನ ಹವೆ ಅದಕ್ಕೆ ಸರಿ. ಮೀನು ಹೆಚ್ಚಾಗಿ ಇಟಲಿಗೆ ಹೋಗುತ್ತದೆ, ತಲೆಗಳು ನೈಜೀರಿಯಾಕ್ಕೆ. ಆಯಿಗೆ ಇದನ್ನು ಹೇಳಿದಾಗ ಉಪ್ಪಿಲ್ಲದ ಒಣಮೀನಾ ಅಂತ ನಂಬಲೇ ಇಲ್ಲ. ಒಂದು ಮೀನು ಅವಳಿಗೆ ಕಳಿಸಬೇಕು.

ಆಮೇಲೆ ಬಂತು ನಾನು ಹೆದರುತ್ತಿದ್ದ ಮಾತು.

"ಬೋಟು ನಾನೇ ನಡೆಸ್ತೆ ಅಲ್ದಾ?"

ಇಲ್ಲಿಯ ನಿಯಮದ ಪ್ರಕಾರ ಅದಕ್ಕೆ ಅಡ್ಡಿಯೂ ಇಲ್ಲ. ಎಂಟು ಮೀಟರಿಗಿಂತ ಉದ್ದ ಅಥವಾ 25 ಅಶ್ವಶಕ್ತಿಗಿಂತ ಜಾಸ್ತಿ ಇರುವ ದೋಣಿಗೆ ಸರ್ಟಿಫಿಕೇಟ್ ಬೇಕು. ಆದರೆ 1980ಕ್ಕಿಂತ ಮುಂಚೆ ಹುಟ್ಟಿದವರಿಗೆ ಅದು ಬೇಡ. ನನಗೆ ಬೇಕು, ಅಪ್ಪನಿಗೆ ಬೇಡ. ಸಮುದ್ರದಲ್ಲಿ ಗಾಳ ಹಾಕುವುದಕ್ಕೂ ಲೈಸೆನ್ಸ್ ಬೇಡ, ಕೈಯಲ್ಲಿ ಹಿಡಿಯುವ ಗಾಳವಾದರೆ ಸಾಕು. ಬಾಡಿಗೆ ದೋಣಿಗಳೂ ಸಿಗುತ್ತವೆ. ಎಲ್ಲ ಸರಿ. ಆದರೆ ನೀರು ನಾಲ್ಕೈದು ಡಿಗ್ರಿ. ಬಿದ್ದವನ ಬೆರಳು ಕೆಲವೇ ನಿಮಿಷದಲ್ಲಿ ಹಿಡಿತ ಬಿಡುತ್ತದೆ, ಎಂಥ ಈಜುಗಾರನೇ ಆಗಲಿ. ನಮ್ಮ ಕಡೆಯ ಬೇಲೇಕೇರಿಯ ನೀರಲ್ಲಿ ಬಿದ್ದರೆ ಅಪ್ಪ ರಾತ್ರಿಯಿಡೀ ತೇಲಬಲ್ಲವರು. ಆ ಧೈರ್ಯ ಇಲ್ಲಿ ನಡೆಯುವುದಿಲ್ಲ.

ಹಾಗಾಗಿ ಹೇಳಿದೆ. ಅಪ್ಪ, ಅಲ್ಲಿಯವರದೇ ದೋಣಿ, ಅವರೇ ನಡೆಸುತ್ತಾರೆ. ನಾವು ಕೂತು ಗಾಳ ಹಾಕುವುದು. ಮೈತುಂಬ ಮುಚ್ಚುವ ತೇಲುವ ಸೂಟು ಕೊಡುತ್ತಾರೆ, ಅದನ್ನು ಹಾಕಲೇಬೇಕು.

ವಾದ ಆಗುತ್ತದೆ ಅಂದುಕೊಂಡಿದ್ದೆ. ಉತ್ತರಗಳನ್ನೂ ತಯಾರು ಮಾಡಿಟ್ಟಿದ್ದೆ.

"ಆಯ್ತು" ಅಂದರು.

ಅಷ್ಟೇ. ನನ್ನ ಅಪ್ಪ, ಇನ್ನೊಬ್ಬರ ಬೋಟಿನಲ್ಲಿ ಸುಮ್ನೆ ಕೂತು ಹೋದದ್ದನ್ನು ನಾನು ಕಂಡಿಲ್ಲ. ಮದುವೆ ದಿಬ್ಬಣ ಹೊಳೆ ದಾಟುವಾಗಲೂ ಹಿಂದೆ ಹೋಗಿ ಚುಕ್ಕಾಣಿ ಹಿಡಿದವರು. ಬೇಡ ಅನ್ನಬೇಕಿತ್ತು. ಬೈಯಬೇಕಿತ್ತು. ಬೋಟು ಮಾರಿದ ಮೇಲೆ ಹೀಗಾಗಿದ್ದಾರಾ? ಅಥವಾ ಮೊಣಕಾಲು ನೋವು ಅವರು ಹೇಳುವುದಕ್ಕಿಂತ ಜಾಸ್ತಿ ಇದೆಯಾ? ಆಯಿಯನ್ನು ಬೇರೆಯಾಗಿ ಕೇಳಬೇಕು. ನಾನು ಬೇಡಿದ್ದನ್ನೇ ಅವರು ಒಪ್ಪಿದರು, ಆದರೂ ಎದೆಯಲ್ಲಿ ಏನೋ ಕುಸಿದಂತಾಯಿತು.

ನಂತರ ಅಜ್ಜನ ಮಾತು ಬಂತು. ನಾರ್ವೆ ಅಂದ ಕೂಡಲೇ ನಮ್ಮ ಮನೆಯಲ್ಲಿ ಅಜ್ಜ ಬರಲೇಬೇಕು. ಭಾರತ ಮತ್ತು ನಾರ್ವೆಯ ಮೀನುಗಾರಿಕೆ ಯೋಜನೆಗೆ 1952ರಲ್ಲಿ ಒಪ್ಪಂದವಾಗಿ ಕೇರಳದ ನೀಂಡಕರದಲ್ಲಿ ಕೆಲಸ ಶುರುವಾಯಿತು. 60ರ ದಶಕದಲ್ಲಿ ಅದು ಕಾರವಾರಕ್ಕೂ ಬಂತು. ಅಜ್ಜ ರಂಪಣಿ ಎಳೆಯುತ್ತಿದ್ದವರು. ಊರಿಗೆ ಊರೇ ಹಗ್ಗ ಹಿಡಿದು ದಂಡೆಗೆ ಎಳೆಯುವ ಬಲೆ. ಪಾಲು ಎಲ್ಲರಿಗೂ. ಆಮೇಲೆ ಇಂಜಿನ್ ಬೋಟು ಬಂದವು, 70ರ ದಶಕದ ನಡುವೆ ಪರ್ಸೀನ್ ಬಲೆ ಬಂತು. ದಂಡೆಗೆ ಬರುವ ಮೊದಲೇ ಬಂಗಡೆ, ತಾರ್ಲೆ ಹಿಂಡುಗಳನ್ನು ಸುತ್ತಿಬಿಟ್ಟರು. ಅಜ್ಜನಿಗೆ ಇಂಜಿನ್, ಪರ್ಸೀನ್, ನಾರ್ವೆಯವರು ಎಲ್ಲ ಒಂದೇ. ಆದರೆ ಅಪ್ಪ ಅದೇ ಇಂಜಿನ್ ಬೋಟು ಹತ್ತಿ ತಾಂಡೇಲರಾದರು, ಅದರಲ್ಲೇ ನನ್ನನ್ನು ಓದಿಸಿದರು.

"ಅವ್ರ ಸಮುದ್ರದಲ್ಲಿ ಮೀನು ಉಂಟಾ ಈಗ?" ಅಂತ ಕೇಳಿದರು.

ಕಡಿಮೆಯಾಗಿದೆ. ಈ ಉತ್ತರದ ಕಾಡ್ ಹಿಡಿಯಲು ನಾರ್ವೆ ಮತ್ತು ರಷ್ಯಾ ಸೇರಿ ವರ್ಷಕ್ಕಿಷ್ಟು ಅಂತ ಮಿತಿ ಹಾಕುತ್ತವೆ. 2021ರಲ್ಲಿ ಅದು 8.85 ಲಕ್ಷ ಟನ್. 2025ಕ್ಕೆ 3.4 ಲಕ್ಷ ಟನ್. ಅರ್ಧಕ್ಕಿಂತ ಕೆಳಗೆ. ಮಿತಿಗಿಂತ ಜಾಸ್ತಿ ಹಿಡಿದರೆ? ದಂಡ. ಸಣ್ಣ ಮೀನು? 62 ಡಿಗ್ರಿ ಅಕ್ಷಾಂಶದ ಉತ್ತರಕ್ಕೆ 44 ಸೆಂಟಿಮೀಟರಿಗಿಂತ ಚಿಕ್ಕ ಕಾಡ್ ಇಟ್ಟುಕೊಳ್ಳುವಂತಿಲ್ಲ. ಗಾಳದಿಂದ ಜೀವಂತ ಬಿಡಿಸಿ ವಾಪಸ್ ಬಿಡಬೇಕು. ಅಪ್ಪ ಪ್ರತಿಯೊಂದನ್ನೂ ಎರಡೆರಡು ಸಲ ಕೇಳಿದರು. ನಮ್ಮಲ್ಲಿ ಜೂನ್ ಒಂದರಿಂದ ಜುಲೈ 31ರವರೆಗೆ ಬೋಟು ಇಳಿಸುವಂತಿಲ್ಲ. ಆ ಎರಡು ತಿಂಗಳು ಸಾಕಾಗುವುದಿಲ್ಲ ಅಂತ ಬೋಟು ಇದ್ದಾಗಲೇ ಹೇಳುತ್ತಿದ್ದ ಮನುಷ್ಯ ಅವರು. ಸಂಘದ ಸಭೆಯಲ್ಲಿ ಯಾರೂ ಕಿವಿಗೊಡಲಿಲ್ಲ.

ಈಗ ಇಲ್ಲಿ ರಾತ್ರಿ ಹತ್ತು. ಕೆಳಗಿನ ಮನೆಯ ಅಜ್ಜನ ಹತ್ತಿರ ಹೋಗಿ ಬಂದೆ. ಅವರು ಲೋಫೋಟನ್ ಕಡೆಯವರು. ಸ್ಕ್ರೈ ಎಷ್ಟು ಆಳದಲ್ಲಿ ಇರುತ್ತದೆ ಅಂತ ಕೇಳಿದೆ. ಮೇಲೆ ತಣ್ಣನೆಯ ನೀರು, ಕೆಳಗೆ ಅಟ್ಲಾಂಟಿಕ್‌ನ ಬೆಚ್ಚನೆಯ ಉಪ್ಪು ನೀರು, ಎರಡೂ ಸೇರುವ ಪದರದಲ್ಲಿ ಅಂತೆ. ಐವತ್ತು ಮೀಟರೂ ಆಗಬಹುದು, ನೂರೈವತ್ತೂ ಆಗಬಹುದು. ಅದಕ್ಕೆ ನಾಲ್ಕು ನೂರು ಗ್ರಾಮಿನ ಪಿಲ್ಕ್, ಅಂದರೆ ಕೊಕ್ಕೆ ಇರುವ ಭಾರದ ಕಬ್ಬಿಣ. ಅಪ್ಪನಿಗೆ ರಾಡ್, ರೀಲು ಅಭ್ಯಾಸ ಇಲ್ಲ. ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡೇ ಮೀನು ಕಚ್ಚಿದ್ದು ಗೊತ್ತು ಮಾಡಿಕೊಳ್ಳುವವರು. ಹೇಳಿದೆ.

ಅಜ್ಜ ಎದ್ದು ನೆಲಮಾಳಿಗೆಗೆ ಇಳಿದರು. ಮರದ ಚೌಕಟ್ಟಿಗೆ ಸುತ್ತಿದ ಕೈದಾರ ತಂದುಕೊಟ್ಟರು. ಅದಕ್ಕೆ ಅವರಲ್ಲಿ ಯುಕ್ಸಾ ಅನ್ನುತ್ತಾರೆ. ಹಳೆಯದು, ದಾರ ಬದಲಿಸಬೇಕು. ದೋಣಿಯವರು ಇದನ್ನು ಬಿಡುತ್ತಾರಾ ಅಂತ ನಾಳೆ ಫೋನ್ ಮಾಡಿ ಕೇಳಬೇಕು. ಬಿಟ್ಟರೂ ಆ ಚಳಿಯಲ್ಲಿ ಕೈಗವಸು ಬೇಕೇ ಬೇಕು. ಕೈಗವಸು ಹಾಕಿದರೆ ಅಪ್ಪನ ಬೆರಳಿಗೆ ದಾರ ತಿಳಿಯುತ್ತದಾ? ಬೆರಳ ತುದಿ ಬಿಟ್ಟ ಉಣ್ಣೆಯದು ಸಿಗುತ್ತದಂತೆ.