ಒಂದೇ ಸರ್ವರ್, ಎರಡು ಹೆಸರು, 35 ಮಿಲಿಸೆಕೆಂಡು: ಪ್ರಸಂಗ ಕಡತದ ಪುಷ್ಯ ಮಳೆ ವರದಿ

ಹೊಸನಗರದ ಲ್ಯಾಪ್‌ಟಾಪ್ ಅಂತೂ ದಾರಿಗೆ ಬಂತು. ಪುನರ್ವಸು ಮಳೆ ಹಿಡಿದಾಗ ಶುರುವಾದ ಕಾಟ ಪುಷ್ಯ ಮುಗಿಯುವ ಹೊತ್ತಿಗೆ ಬಗೆಹರಿಯಿತು. ತಪ್ಪು ಸರ್ವರ್‌ನದಲ್ಲ, ಫೈಬರ್‌ನದಲ್ಲ, ಎಲ್ಲರೂ ಸೇರಿ ಬೈದ ಸಾಂಬಾ ಅನ್ನುವ ಫೈಲು ಹಂಚುವ ತಂತ್ರಾಂಶದ್ದಂತೂ ಅಲ್ಲವೇ ಅಲ್ಲ. ವಿಂಡೋಸ್ ಪಾಲಿಸಿಯಲ್ಲಿ, ಅಂದರೆ ಅದರ ನಿಯಮಗಳ ಪಟ್ಟಿಯಲ್ಲಿ, ಸರ್ವರಿಗೆ ಬರೆದ ಒಂದು ಹೆಸರು, ಡ್ರೈವ್ ಜೋಡಿಸಿದವರು ಹೊಡೆದ ಇನ್ನೊಂದು ಹೆಸರು. ಅಷ್ಟೇ.

ಹೊಸದಾಗಿ ಓದುವವರಿಗೆ ಎರಡು ಸಾಲು. ಯಕ್ಷಗಾನ ಪ್ರಸಂಗಗಳ ಕೈಬರಹದ ಪ್ರತಿಗಳನ್ನು ಸ್ಕ್ಯಾನ್ ಮಾಡಿ, ಪದ್ಯಗಳನ್ನು ಬೆರಳಚ್ಚು ಮಾಡಿ ಇಡುವ ಹವ್ಯಾಸಿ ಕೆಲಸ ಇದು. ಶಿವಮೊಗ್ಗದಲ್ಲಿ ಒಂದು ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್, ಅದರ ಮೇಲೆ ಸಾಂಬಾ. ತೀರ್ಥಹಳ್ಳಿ ಮತ್ತು ಹೊಸನಗರದಲ್ಲಿ ಒಂದೊಂದು ವಿಂಡೋಸ್ 11 ಪ್ರೊ ಲ್ಯಾಪ್‌ಟಾಪ್. ನಡುವೆ ವೈರ್‌ಗಾರ್ಡ್ ಸುರಂಗ, ಅಂದರೆ ನೆಟ್ಟಿನೊಳಗೆ ಹಾಯುವ ಖಾಸಗಿ ದಾರಿ (ವಿಪಿಎನ್). ಪೈ ಕೂರಿಸುವುದು, ಕೀ ಹಂಚುವುದು, ಫೈಲು ಹಂಚುವ 445ನೇ ಪೋರ್ಟನ್ನು ಹೊರಜಗತ್ತಿಗೆ ತೆರೆಯಬಾರದು ಅನ್ನುವುದೆಲ್ಲ ಗೊತ್ತಿದ್ದದ್ದೇ, ಇಲ್ಲಿ ಬೇಡ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕರೆಂಟು, ನೆಟ್ಟು ಎರಡೂ ಒಟ್ಟಿಗೇ ಹೋಗುತ್ತವೆ. ಅದಕ್ಕೇ ವಿಂಡೋಸ್‌ನ ಆಫ್‌ಲೈನ್ ಫೈಲ್ಸ್ ಸೌಲಭ್ಯದ ಮೊರೆ ಹೋದದ್ದು. ಲ್ಯಾಪ್‌ಟಾಪ್‌ನಲ್ಲಿ ಒಂದು ಪ್ರತಿ ಇರಲಿ, ಲೈನ್ ಬಂದಾಗ ಹೊಂದಿಸಿಕೊಳ್ಳಲಿ ಅಂತ.

ಈಗ ಕಾಟದ ವಿಷಯ. ಬೆಳಿಗ್ಗೆ ಹೊಸನಗರದಲ್ಲಿ ಫೋಲ್ಡರ್ ತೆರೆದರೆ ಎಲ್ಲ ಸರಿ. ಮಧ್ಯಾಹ್ನ ಅದೇ ಫೋಲ್ಡರ್ ನಿನ್ನೆಯ ಸ್ಥಿತಿಗೆ ಹೋಗಿರುತ್ತದೆ. ತೀರ್ಥಹಳ್ಳಿಯವರು ಹನ್ನೊಂದಕ್ಕೆ ಉಳಿಸಿದ ಫೈಲು ಸಂಜೆಯಾದರೂ ಕಾಣುವುದಿಲ್ಲ, ರಾತ್ರಿ ಕಾಣುತ್ತದೆ. ಇಬ್ಬರೂ ಒಂದೇ ವರ್ಡ್ ಫೈಲು ತೆರೆದರೂ ‘ಇದನ್ನು ಬೇರೆಯವರು ತೆರೆದಿದ್ದಾರೆ’ ಅನ್ನುವ ಎಚ್ಚರಿಕೆ ಬರುವುದಿಲ್ಲ. ಮರುದಿನ ಪ್ರತಿಗಳನ್ನು ಹೊಂದಿಸುವ ಸಿಂಕ್ ಸೆಂಟರ್ ತೆರೆದರೆ ತಿಕ್ಕಾಟದ ಪಟ್ಟಿ, ಅಂದರೆ ಎರಡೂ ಕಡೆ ಬದಲಾದ ಫೈಲುಗಳು. ಫೋನ್ ಮಾಡಿ ಕೇಳಿದರೆ ‘ಇಲ್ಲಿ ಸರಿ ಇದೆಯಪ್ಪ, ನಿಮ್ಮಲ್ಲೇ ಏನೋ’ ಅಂತ ಎರಡೂ ಕಡೆಯಿಂದ ಒಂದೇ ಉತ್ತರ.

ಇದು ನಿಧಾನ-ಲಿಂಕ್ ಸ್ಥಿತಿಯ ಲಕ್ಷಣ ಅನ್ನುವುದು ಬೇಗ ಗೊತ್ತಾಯಿತು. ಸರ್ವರ್ ಕೈಗೆ ಸಿಗುತ್ತಿದ್ದರೂ ಲಿಂಕ್ ನಿಧಾನ ಅನ್ನಿಸಿದರೆ ವಿಂಡೋಸ್ ಆ ಫೋಲ್ಡರಿನ ಎಲ್ಲ ಬೇಡಿಕೆಗಳನ್ನೂ ಸ್ಥಳೀಯ ಕ್ಯಾಶ್‌ನಿಂದಲೇ, ಅಂದರೆ ಲ್ಯಾಪ್‌ಟಾಪ್‌ನಲ್ಲಿಟ್ಟ ಪ್ರತಿಯಿಂದಲೇ, ತೀರಿಸುತ್ತದೆ. ‘ನಿಧಾನ’ ಅಂದರೆ ಎಷ್ಟು? ಪಾಲಿಸಿ ಮುಟ್ಟದಿದ್ದರೆ ವಿಂಡೋಸ್ 7ರಲ್ಲಿ ಲೇಟೆನ್ಸಿ (ಸರ್ವರಿಗೆ ಹೋಗಿ ಬರಲು ಹಿಡಿಯುವ ಸಮಯ) 80 ಮಿಲಿಸೆಕೆಂಡು ದಾಟಬೇಕಿತ್ತು. ವಿಂಡೋಸ್ 8ರಿಂದ ಅದನ್ನು 35ಕ್ಕೆ ಇಳಿಸಿದ್ದಾರೆ. ಹೊಸನಗರದಿಂದ ಶಿವಮೊಗ್ಗಕ್ಕೆ ಸುರಂಗದೊಳಗೆ ಅಳೆದಾಗ ಸಿಕ್ಕಿದ್ದು 31ರಿಂದ 39. ಅಳತೆ ಮಾಡಿಸಿ ಹೊಲಿದ ಹಾಗೆ ಗೆರೆಯ ಮೇಲೇ ಕೂತಿದೆ! ಎರಡು ತುದಿಯಲ್ಲಿ ಬೇರೆ ಬೇರೆ ಕಂಪನಿಯ ಫೈಬರ್ ಇದ್ದರೆ ಪ್ಯಾಕೆಟ್ ರಿಪ್ಪನ್‌ಪೇಟೆ ದಾರಿ ಹಿಡಿದು ನೇರ ಬರುವುದಿಲ್ಲ, ಬೆಂಗಳೂರನ್ನೋ ಅದರಾಚೆಯ ಊರನ್ನೋ ಸುತ್ತಿ ಬರಬಹುದು. ಹೀಗಾಗಿ ಫೋಲ್ಡರ್ ದಿನಕ್ಕೆ ಹತ್ತು ಸಲ ಆನ್‌ಲೈನ್, ಹತ್ತು ಸಲ ಆಫ್‌ಲೈನ್.

ಅದರ ಮೇಲೆ ಇನ್ನೊಂದು ಏಟು. ನಿಧಾನ-ಲಿಂಕ್ ಸ್ಥಿತಿಯಲ್ಲಿ ಹಿನ್ನೆಲೆಯ ಸಿಂಕ್ ನಡೆಯುವುದು ಪೂರ್ವನಿಗದಿಯಂತೆ 120 ನಿಮಿಷಕ್ಕೊಮ್ಮೆ, ಅದಕ್ಕೆ 0ರಿಂದ 60 ನಿಮಿಷದವರೆಗೆ ಮನಸ್ಸಿಗೆ ಬಂದಷ್ಟು ಸೇರಿಸಿಕೊಂಡು. ಅಂದರೆ ತೀರ್ಥಹಳ್ಳಿಯ ಹೊಸ ಫೈಲು ಹೊಸನಗರಕ್ಕೆ ಕಾಣಲು ಒಂದೊಂದು ತುದಿಯಲ್ಲೂ ಮೂರು ಗಂಟೆ ಹಿಡಿಯಬಹುದು. ಬಸ್ಸಿನಲ್ಲಿ ಪೆನ್‌ಡ್ರೈವ್ ಕೊಟ್ಟು ಕಳಿಸಿದ್ದರೂ ಬೇಗ ತಲುಪುತ್ತಿತ್ತು.

ಔಷಧ ಸರಳ. ಲೋಕಲ್ ಗ್ರೂಪ್ ಪಾಲಿಸಿ ಎಡಿಟರ್‌ನಲ್ಲಿ ಕಂಪ್ಯೂಟರ್ ಕಾನ್ಫಿಗರೇಶನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ನೆಟ್‌ವರ್ಕ್, ಆಫ್‌ಲೈನ್ ಫೈಲ್ಸ್. ಅಲ್ಲಿ ‘ಕಾನ್ಫಿಗರ್ ಸ್ಲೋ-ಲಿಂಕ್ ಮೋಡ್’ ಎನೇಬಲ್ ಮಾಡಿ, ಶೋ ಒತ್ತಿ, ಎಡಗಡೆಯ ಕಂಬದಲ್ಲಿ \\ಕಡತ\ಕರಡು\* ಎಂದೂ ಬಲಗಡೆ ಲೇಟೆನ್ಸಿ=1 (ಇಂಗ್ಲಿಷ್ ಅಕ್ಷರದಲ್ಲಿ Latency=1) ಎಂದೂ ತುಂಬಬೇಕು. 1 ಮಿಲಿಸೆಕೆಂಡು ಎಂದರೆ ಫೋಲ್ಡರ್ ಸದಾ ಆಫ್‌ಲೈನ್, ಸದಾ ಕ್ಯಾಶ್‌ನಿಂದಲೇ ಕೆಲಸ. ಅತ್ತಿತ್ತ ಹೊಯ್ದಾಟ ನಿಲ್ಲುತ್ತದೆ. ಸಂಖ್ಯೆಯ ಮುಂದೆ ‘ಎಂಎಸ್’ ಅಂತ ಸೇರಿಸಬೇಡಿ. ತ್ರೂಪುಟ್ (ಸಾಗಣೆಯ ವೇಗ) ಬೆಲೆಯನ್ನೂ ಕೊಟ್ಟರೆ ಎರಡರಲ್ಲಿ ಯಾವುದೊಂದು ಗೆರೆ ದಾಟಿದರೂ ಸ್ಥಿತಿ ಬದಲಾಗುತ್ತದೆ, ಹಾಗಾಗಿ ಅದನ್ನು ಖಾಲಿ ಬಿಟ್ಟದ್ದು. ಪಕ್ಕದಲ್ಲೇ ಇರುವ ‘ಕಾನ್ಫಿಗರ್ ಬ್ಯಾಕ್‌ಗ್ರೌಂಡ್ ಸಿಂಕ್’ನಲ್ಲಿ ಅಂತರ 20 ನಿಮಿಷ, ಏರುಪೇರು 5 ನಿಮಿಷ. ಬ್ಲಾಕ್‌ಔಟ್ ಸಮಯ (ಸಿಂಕ್ ನಡೆಯದ ಹೊತ್ತು) ಮುಟ್ಟಿಲ್ಲ. ಪಾಲಿಸಿ ಅಪ್‌ಡೇಟ್ ಬಲವಂತವಾಗಿ ಓಡಿಸಿ, ಒಂದು ರೀಸ್ಟಾರ್ಟ್.

ತೀರ್ಥಹಳ್ಳಿ ತಕ್ಷಣ ಸರಿಹೋಯಿತು. ಹೊಸನಗರ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಮೂರು ಸಂಜೆ ಇದಕ್ಕೇ ಹೋಯಿತು. ಪಾಲಿಸಿ ವರದಿ ತೆಗೆದರೆ ‘ಅನ್ವಯವಾಗಿದೆ’ ಅನ್ನುತ್ತದೆ. ಸೇವೆ ಓಡುತ್ತಿದೆ. ಸಾಂಬಾದಲ್ಲಿ ಕ್ಯಾಶಿಂಗ್‌ಗೆ ಅನುಮತಿ ಇದೆ. ಆದರೂ ಹೊಯ್ದಾಟ ನಿಂತಿಲ್ಲ. ಕೊನೆಗೆ ಈವೆಂಟ್ ವ್ಯೂವರ್‌ನಲ್ಲಿ ಮೈಕ್ರೋಸಾಫ್ಟ್, ವಿಂಡೋಸ್, ಆಫ್‌ಲೈನ್ ಫೈಲ್ಸ್, ಆಪರೇಶನಲ್ ಲಾಗ್ ಬಿಚ್ಚಿದಾಗ ವಿಷಯ ಹೊರಬಿತ್ತು. ಫೋಲ್ಡರ್ ನಿಧಾನ-ಲಿಂಕ್‌ಗೆ ಹೊರಳಿದಾಗಲೆಲ್ಲ ಯಾವ ಮಾರ್ಗ, ಎಷ್ಟು ಲೇಟೆನ್ಸಿ, ಎಷ್ಟು ಬ್ಯಾಂಡ್‌ವಿಡ್ತ್ ಅಂತ ಅಲ್ಲಿ ಒಂದು ಸಾಲು ಬರೆದಿರುತ್ತದೆ. ಆ ಸಾಲಿನಲ್ಲಿದ್ದ ಮಾರ್ಗ \\ಕಡತ\ಕರಡು ಅಲ್ಲ, \\10.8.0.1\ಕರಡು.

ವೈರ್‌ಗಾರ್ಡ್ ಮೂರನೇ ಪದರದ ಸುರಂಗ. ಮನೆಯ ವೈಫೈನಲ್ಲಿ ಹೆಸರು ಹುಡುಕಿಕೊಡುವ ಬ್ರಾಡ್‌ಕಾಸ್ಟ್ ಅದರೊಳಗೆ ದಾಟುವುದಿಲ್ಲ. ಹೊಸನಗರದವರು ಹೆಸರು ಹೊಡೆದರೆ ಸಿಗಲಿಲ್ಲ, ಐಪಿ ಹೊಡೆದರೆ ಸಿಕ್ಕಿತು, ಡ್ರೈವ್ ಜೋಡಿಸಿ ಮುಗಿಸಿದರು. ಕೆಲಸ ನಡೆಯುತ್ತದೆ, ತಪ್ಪೇನಿಲ್ಲ. ಆದರೆ ಆಫ್‌ಲೈನ್ ಫೈಲ್ಸ್ ಕಣ್ಣಿಗೆ ಹೆಸರು ಬೇರೆಯಾದರೆ ಸರ್ವರ್ರೇ ಬೇರೆ. ಹೆಸರಿಗೆ ಒಂದು ಕ್ಯಾಶ್, ಐಪಿಗೆ ಇನ್ನೊಂದು. ಪಾಲಿಸಿ ಹೆಸರಿಗೆ ಬರೆದದ್ದು, ಐಪಿ ಮಾರ್ಗಕ್ಕೆ ಅದು ತಾಗುವುದೇ ಇಲ್ಲ, ಅಲ್ಲಿ ಹಳೆಯ 35ರ ನಿಯಮವೇ ನಡೆಯುತ್ತಿತ್ತು.

ಎಡಗಂಬದಲ್ಲಿ ಬರೀ ನಕ್ಷತ್ರ ಹಾಕಿದರೆ ಎಲ್ಲ ಮಾರ್ಗಕ್ಕೂ ಅನ್ವಯವಾಗುತ್ತದಲ್ಲ, ಮುಗಿಯಿತಲ್ಲ ಅನ್ನಬಹುದು. ಹೊಯ್ದಾಟ ನಿಲ್ಲುತ್ತದೆ ನಿಜ, ಆದರೆ ಎರಡು ಕ್ಯಾಶ್ ಹಾಗೇ ಉಳಿಯುತ್ತವೆ. ಒಂದು ದಿನ ಯಾರೋ ಡೆಸ್ಕ್‌ಟಾಪ್‌ನ ಹಳೇ ಶಾರ್ಟ್‌ಕಟ್ ಒತ್ತಿದರೆ ಒಂದೇ ಫೈಲಿಗೆ ಒಂದೇ ಲ್ಯಾಪ್‌ಟಾಪ್‌ನಲ್ಲಿ ಎರಡು ಜನ್ಮ. ಬೇರು ಕೀಳುವುದೇ ಸರಿ.

ಕಿತ್ತ ಕ್ರಮ ಹೀಗಿದೆ, ಹಿಂದುಮುಂದು ಮಾಡಿದರೆ ಕೆಲಸ ಹಾಳು. ಮೊದಲು ಸಿಂಕ್ ಸೆಂಟರ್‌ನಲ್ಲಿ ಪೂರ್ತಿ ಸಿಂಕ್, ತಿಕ್ಕಾಟಗಳನ್ನೆಲ್ಲ ತೀರಿಸುವುದು. ಆಮೇಲೂ ಅನುಮಾನವಿದ್ದ ಫೈಲುಗಳನ್ನು ಡೆಸ್ಕ್‌ಟಾಪ್‌ಗೆ ನಕಲು ಮಾಡಿಡುವುದು. ಐಪಿಯ ಡ್ರೈವ್ ತೆಗೆಯುವುದು. ನೋಟ್‌ಪ್ಯಾಡನ್ನು ಅಡ್ಮಿನ್ ಆಗಿ ತೆರೆದು ಹೋಸ್ಟ್ಸ್ ಫೈಲಿನಲ್ಲಿ (ಯಾವ ಹೆಸರಿಗೆ ಯಾವ ಐಪಿ ಅನ್ನುವ ಪಟ್ಟಿ) 10.8.0.1 ಮುಂದೆ ಸರ್ವರ್ ಹೆಸರು ಬರೆಯುವುದು. ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಐಪಿಗೆ ಉಳಿಸಿದ್ದ ಪಾಸ್‌ವರ್ಡ್ ಅಳಿಸಿ ಹೆಸರಿಗೆ ಹೊಸದಾಗಿ ಕೊಡುವುದು. ಇಷ್ಟಾದ ಮೇಲೆ ಕ್ಯಾಶ್ ತೊಳೆಯುವುದು: ರಿಜಿಸ್ಟ್ರಿಯಲ್ಲಿ ಸಿಎಸ್‌ಸಿ (ಆಫ್‌ಲೈನ್ ಫೈಲ್ಸ್‌ನ ಒಳಹೆಸರು) ಸೇವೆಯ ಪ್ಯಾರಾಮೀಟರ್ಸ್ ಕೀ ಕೆಳಗೆ ‘ಫಾರ್ಮ್ಯಾಟ್ ಡೇಟಾಬೇಸ್’ (ಇಂಗ್ಲಿಷ್‌ನಲ್ಲಿ, ನಡುವೆ ಜಾಗ ಬಿಡದೆ FormatDatabase) ಅನ್ನುವ ಡಿವರ್ಡ್ ನಮೂದು, ಬೆಲೆ 1, ರೀಸ್ಟಾರ್ಟ್. ಎಚ್ಚರ, ಇದು ಕೇಳದೆ ಹೇಳದೆ ಎಲ್ಲವನ್ನೂ ಅಳಿಸುತ್ತದೆ, ಸಿಂಕ್ ಆಗದೆ ಉಳಿದಿದ್ದ ಬದಲಾವಣೆಗಳನ್ನೂ ಸೇರಿಸಿ. ಕೊನೆಗೆ ಹೆಸರಿನಿಂದ ಡ್ರೈವ್ ಜೋಡಿಸಿ, ಲೈನ್ ಚೆನ್ನಾಗಿರುವ ಹೊತ್ತು ನೋಡಿ ಮೊದಲ ಸಿಂಕ್.

ಬೇಕಾದ ಫೋಲ್ಡರನ್ನು ಪ್ರತಿಯೊಬ್ಬರೂ ಬಲ ಕ್ಲಿಕ್ ಮಾಡಿ ಆಫ್‌ಲೈನ್‌ಗೆ ಆರಿಸಬೇಕಾಗಿಲ್ಲ. ‘ಸ್ಪೆಸಿಫೈ ಅಡ್ಮಿನಿಸ್ಟ್ರೇಟಿವ್ಲಿ ಅಸೈನ್ಡ್ ಆಫ್‌ಲೈನ್ ಫೈಲ್ಸ್’ ಪಾಲಿಸಿಯಲ್ಲಿ ಮಾರ್ಗ ಬರೆದು ಬೆಲೆಯ ಜಾಗ ಖಾಲಿ ಬಿಟ್ಟರೆ ಸಾಕು. ಅಲ್ಲೂ ಹೆಸರೇ, ಐಪಿ ಅಲ್ಲ.

ಪಾಲಿಸಿ ಎಷ್ಟೇ ಸರಿ ಇದ್ದರೂ ಒಂದು ವಿಷಯ ಬದಲಾಗುವುದಿಲ್ಲ: ಸದಾ ಆಫ್‌ಲೈನ್ ಅಂದರೆ ಬೀಗವಿಲ್ಲ. ಇಬ್ಬರು ಒಂದೇ ಫೈಲು ತಿದ್ದಿದರೆ ವಿಂಡೋಸ್ ತಡೆಯುವುದಿಲ್ಲ, ಆಮೇಲೆ ‘ಯಾವುದು ಬೇಕು’ ಅಂತ ಕೇಳುತ್ತದೆ. ಆದ್ದರಿಂದ ಒಂದು ಪ್ರಸಂಗ ಒಂದೇ ಫೈಲು ಅನ್ನುವ ಪದ್ಧತಿ ಬಿಟ್ಟು, ಇಪ್ಪತ್ತು ಪದ್ಯಕ್ಕೊಂದು ಫೈಲು, ಫೈಲಿನ ಹೆಸರಿನ ಮೊದಲಲ್ಲೇ ತಿದ್ದುವವರ ಊರಿನ ಮೊದಲಕ್ಷರ. ‘ತೀ’ ಫೈಲನ್ನು ಹೊಸನಗರದವರು ಓದಬಹುದು, ಮುಟ್ಟುವ ಹಾಗಿಲ್ಲ. ಲೆಕ್ಕಪತ್ರದ ತಂತ್ರಾಂಶದ ಡೇಟಾವನ್ನೂ ಇಲ್ಲೇ ಇಡಬಹುದಾ ಅಂತ ಕೇಳಿದವರಿದ್ದಾರೆ. ಬೇಡ. ಹಲವರು ಒಟ್ಟಿಗೆ ಬರೆಯುವ ಡೇಟಾಬೇಸ್ ಫೈಲು ಆಫ್‌ಲೈನ್ ಕ್ಯಾಶ್‌ಗೆ ಬಂದರೆ ಒಂದು ಕಡೆಯ ಕೆಲಸ ಹೋಯಿತೆಂದೇ ಲೆಕ್ಕ.

ಜಾಗದ ಲೆಕ್ಕ. ಎ4 ಪುಟ, 300 ಡಿಪಿಐ, ಬಣ್ಣ, ಕುಗ್ಗಿಸದ ಟಿಫ್ ಚಿತ್ರ: 2480 × 3508 × 3 ಬೈಟು, ಸುಮಾರು 26 ಎಂಬಿ. ಇನ್ನೂರು ಪುಟದ ಪ್ರತಿಗೆ 5.2 ಜಿಬಿ. 10 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಹತ್ತಿರ ಎಪ್ಪತ್ತು ನಿಮಿಷ, ಅದೂ ನಡುವೆ ಲೈನ್ ಹೋಗದಿದ್ದರೆ. ಆಫ್‌ಲೈನ್ ಕ್ಯಾಶ್‌ನ ಮಿತಿ ಪೂರ್ವನಿಗದಿಯಂತೆ ಡ್ರೈವ್‌ನ ಖಾಲಿ ಜಾಗದ ಶೇ. 25. ಲ್ಯಾಪ್‌ಟಾಪ್‌ನಲ್ಲಿ 60 ಜಿಬಿ ಖಾಲಿ ಇದ್ದರೆ 15 ಜಿಬಿ. ಮೂರನೇ ಪ್ರತಿ ಪೂರ್ತಿ ಹಿಡಿಯುವುದಿಲ್ಲ. ‘ಲಿಮಿಟ್ ಡಿಸ್ಕ್ ಸ್ಪೇಸ್’ ಪಾಲಿಸಿಯಲ್ಲಿ ಎಂಬಿ ಲೆಕ್ಕದಲ್ಲಿ ಮಿತಿ ಏರಿಸಬಹುದು, ಆದರೆ ಟಿಫ್‌ಗಳನ್ನು ಮನೆಮನೆಗೆ ಹೊರುವುದೇ ತಪ್ಪು ಯೋಚನೆ. ಅದಕ್ಕೆ ಎರಡು ಶೇರ್ (ಸರ್ವರಿನಿಂದ ಹಂಚಿದ ಫೋಲ್ಡರ್): ‘ಕರಡು’ ಅನ್ನುವುದರಲ್ಲಿ ಪಠ್ಯ ಮತ್ತು ಚಿಕ್ಕ ಜೆಪೆಗ್, ಸಾಂಬಾದ ಸಿಎಸ್‌ಸಿ ಪಾಲಿಸಿ ಮ್ಯಾನ್ಯುಯಲ್, ‘ಮೂಲ’ ಅನ್ನುವುದರಲ್ಲಿ ಟಿಫ್, ಅಲ್ಲಿ ಸಿಎಸ್‌ಸಿ ಪಾಲಿಸಿ ಡಿಸೇಬಲ್. ಮೂಲ ಬೇಕಿದ್ದವರು ಲೈನ್ ಇದ್ದಾಗ ನೋಡಬೇಕು.

ಇನ್ನು ಗಡಿಯಾರ. ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟು ಬಂದು, ನೆಟ್ ಇನ್ನೂ ಬರದಿದ್ದರೆ, ಅದು ಕೊನೆಯ ಸಲ ಬರೆದಿಟ್ಟುಕೊಂಡ ಸಮಯದಿಂದಲೇ ಎಣಿಸುತ್ತದೆ. ತಿಕ್ಕಾಟದ ಕಿಟಕಿಯಲ್ಲಿ ಹೊಸದು ಹಳೆಯದಾಗಿ ಕಾಣಬಹುದು, ದಿನಾಂಕ ನಂಬಿ ಒತ್ತಿದವರು ತಪ್ಪನ್ನೇ ಉಳಿಸುತ್ತಾರೆ. ಪರಿಹಾರಕ್ಕೆ ಡಿಎಸ್3231 ಅನ್ನುವ ಗಡಿಯಾರದ ಚಿಪ್ಪು ತರಿಸಿದರೆ ಡಬ್ಬಿಯ ಮೇಲೆ ಡಿಎಸ್3231, ಒಳಗೆ ಡಿಎಸ್1307! ಎರಡೂ ಐ2ಸಿ (ಚಿಪ್ಪುಗಳು ಮಾತಾಡುವ ತಂತಿ) ವಿಳಾಸ 0ಎಕ್ಸ್68ರಲ್ಲೇ ಓಗೊಡುವುದರಿಂದ ಸ್ಕ್ಯಾನ್ ಮಾಡಿದರೆ ಮೋಸ ಗೊತ್ತಾಗುವುದಿಲ್ಲ. ಕಣ್ಣಿನಿಂದ ನೋಡಿ: 1307ಕ್ಕೆ ಎಂಟು ಕಾಲು, ಪಕ್ಕದಲ್ಲಿ ಪುಟ್ಟ ಲೋಹದ ಕೊಳವೆಯಂಥ ಕ್ರಿಸ್ಟಲ್, 3231ಕ್ಕೆ ಹದಿನಾರು ಕಾಲು, ಕ್ರಿಸ್ಟಲ್ ಚಿಪ್ಪಿನೊಳಗೇ. 1307ಕ್ಕೆ 5 ವೋಲ್ಟ್ ಬೇಕು, ಅದರ ಪುಲ್‌ಅಪ್ ರೆಸಿಸ್ಟರನ್ನು 5 ವೋಲ್ಟಿಗೆ ಕಟ್ಟಿದ್ದರೆ ಪೈನ 3.3 ವೋಲ್ಟ್ ಪಿನ್ನಿಗೆ ಅಪಾಯ. 3231ರ ತಪ್ಪು 2 ಪಿಪಿಎಂ (ಹತ್ತು ಲಕ್ಷಕ್ಕೆ ಎರಡು), ವರ್ಷಕ್ಕೆ ಒಂದು ನಿಮಿಷದಷ್ಟು. ವಾಪಸ್ ಕಳಿಸುವ ಅಂಚೆ ಖರ್ಚು ಚಿಪ್ಪಿನ ಬೆಲೆಯಷ್ಟೇ ಆಗುತ್ತದೆ ಅನ್ನುವುದು ಮಾರುವವರಿಗೂ ಚೆನ್ನಾಗಿ ಗೊತ್ತು.

ಉಳಿದ 1307 ವ್ಯರ್ಥವಾಗುವುದಿಲ್ಲ, ಮುಂದಿನ ಯೋಜನೆಗೆ ಹೋಗುತ್ತದೆ: ಮಗುಚುವ ಬಟ್ಟಲಿನ ಮಳೆಮಾಪಕ, 865–867 ಮೆಗಾಹರ್ಟ್ಸ್‌ನ ಲೋರಾ ರೇಡಿಯೋದಲ್ಲಿ ತೋಟದಿಂದ ಮನೆಗೆ. ಅದು ಮಘೆ ಮಳೆಗೆ.

ವಿಂಡೋಸ್ 11ರ 24ಎಚ್2 ಹಾಕಿಸಿಕೊಂಡ ಮೇಲೆ ಶೇರ್ ತೆರೆಯುವುದೇ ಇಲ್ಲ ಅನ್ನುವವರಿಗೆ: ಅದರ ಪ್ರೊದಲ್ಲಿ ಎಸ್‌ಎಂಬಿ (ಶೇರಿನ ಫೈಲು ಸಾಗಿಸುವ ಭಾಷೆ) ಸಹಿ ಪೂರ್ವನಿಗದಿಯಂತೆ ಕಡ್ಡಾಯ, ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶ ಬಂದ್. ಪಾಸ್‌ವರ್ಡ್ ಇಲ್ಲದ ಶೇರಿಗೆ ಸಹಿ ಹಾಕಲು ಬರುವುದಿಲ್ಲ. ಲ್ಯಾನ್‌ಮ್ಯಾನ್ ವರ್ಕ್‌ಸ್ಟೇಶನ್ ಪಾಲಿಸಿಯಲ್ಲಿ ‘ಇನ್‌ಸೆಕ್ಯೂರ್ ಗೆಸ್ಟ್ ಲಾಗಾನ್’ ತೆರೆಯಿರಿ ಅಂತ ಸಲಹೆ ಕೊಡುವವರು ಬಹಳ ಮಂದಿ. ಅದರ ಬದಲು ಸಾಂಬಾದಲ್ಲಿ ತಲೆಗೊಂದು ಬಳಕೆದಾರ ಹೆಸರು ಮಾಡಿ, ಐದು ನಿಮಿಷದ ಕೆಲಸ.

ಮೂರನೇ ಲ್ಯಾಪ್‌ಟಾಪ್ ಸಾಗರಕ್ಕೆ ಬಂದಿದೆ. ಎರಡೆರಡು ಸಲ ಪ್ರೊ ಅಂತ ಹೇಳಿ ಮಾರಿದ್ದು, ತೆರೆದರೆ ಹೋಮ್. ಹೋಮ್‌ನಲ್ಲಿ ಆಫ್‌ಲೈನ್ ಫೈಲ್ಸೂ ಇಲ್ಲ, ಪಾಲಿಸಿ ಎಡಿಟರ್ರೂ ಇಲ್ಲ. ಅಂಗಡಿಯವರು ‘ಎರಡೂ ಒಂದೇ ಸಾರ್’ ಅನ್ನುತ್ತಿದ್ದಾರೆ. ಪ್ರೊ ಆದ ದಿನ ಎಲ್‌ಜಿಪಿಓ ಅನ್ನುವ ಪುಟ್ಟ ತಂತ್ರಾಂಶದಿಂದ ತೀರ್ಥಹಳ್ಳಿಯ ಪಾಲಿಸಿಗಳನ್ನು ಬ್ಯಾಕಪ್ ತೆಗೆದು ಇದಕ್ಕೆ ಸುರಿದರೆ ಮುಗಿಯಿತು. ಹೋಸ್ಟ್ಸ್ ಸಾಲನ್ನು ಮಾತ್ರ ಕೈಯಾರೆ ಬರೆಯಬೇಕು, ಅದು ಪಾಲಿಸಿಯ ಜೊತೆ ಬರುವುದಿಲ್ಲ.

ತಿಕ್ಕಾಟದ ಪಟ್ಟಿಯಲ್ಲಿ ಒಂದೇ ಒಂದು ಬಾಕಿ: 47ನೇ ಪದ್ಯ. ತೀರ್ಥಹಳ್ಳಿಯ ಪ್ರತಿಯಲ್ಲಿ ‘ಬಂದನು’, ಹೊಸನಗರದ್ದರಲ್ಲಿ ‘ನಿಂದನು’. ಮೂಲದ ಟಿಫ್ ನೋಡಿದರೆ ಗೊತ್ತಾಗುತ್ತದೆ. ಅದು ಆಫ್‌ಲೈನ್ ಇಲ್ಲದ ಶೇರಿನಲ್ಲಿದೆ, ಲೈನ್ ನಿನ್ನೆ ಮಧ್ಯಾಹ್ನ ಹೋದದ್ದು ಇನ್ನೂ ಬಂದಿಲ್ಲ.